ಇಲಿಯ ಸಕ್ಕರೆ ಇಳಿದರೆ ಸಾಕೇ?

1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ರಸಾಯನ ತಜ್ಞರು ಒಂದು ಕಹಿ ಪುಡಿಯನ್ನು ಬೇರ್ಪಡಿಸಿದರು. ಅದಕ್ಕೆ ಫ್ಲೋರೈಜಿನ್ ಎಂದು ಹೆಸರಿಟ್ಟರು. ಕಹಿ ಇದ್ದದ್ದೆಲ್ಲ ಜ್ವರಕ್ಕೆ ಒಳ್ಳೆಯದು ಎಂಬ ನಂಬಿಕೆಯ ಕಾಲ ಅದು. ಕ್ವಿನೈನ್ ಕೂಡ ಕಹಿ ತೊಗಟೆಯಿಂದಲೇ ಬಂದದ್ದು ತಾನೇ? ಹಾಗಾಗಿ ಇದನ್ನೂ ಜ್ವರಕ್ಕೆ ಕೊಟ್ಟು ನೋಡಿದರು. 1886ರಲ್ಲಿ ಯೋಸೆಫ್ ಫಾನ್ ಮೇರಿಂಗ್ ಎಂಬ ಜರ್ಮನ್ ವೈದ್ಯ ಇದನ್ನು ನಾಯಿಗಳಿಗೆ ಕೊಟ್ಟರು. ನಾಯಿಗಳ ಮೂತ್ರದಲ್ಲಿ ರಾಶಿ ಸಕ್ಕರೆ ಬಂತು. ಮೂತ್ರದಲ್ಲಿ ಸಕ್ಕರೆ ಬಂದರೆ ಸಕ್ಕರೆ ಕಾಯಿಲೆ, ಅಲ್ವಾ? ಹಾಗೆಂದೇ ಅದನ್ನು ಮುಂದೆ ಬಹಳ ಕಾಲ ಪ್ರಾಣಿಗಳಲ್ಲಿ ಸಕ್ಕರೆ ಕಾಯಿಲೆಯನ್ನು ತರಿಸುವ ವಸ್ತುವಾಗಿ ಪ್ರಯೋಗಾಲಯಗಳಲ್ಲಿ ಬಳಸಿದರು.

ಒಂದು ಸಣ್ಣ ವಿಷಯ ಮಾತ್ರ ತಾಳೆಯಾಗುತ್ತಿರಲಿಲ್ಲ. ಆ ನಾಯಿಗಳ ರಕ್ತದಲ್ಲಿ ಸಕ್ಕರೆ ಏರಿರಲಿಲ್ಲ.

ಇಂದು ಸಕ್ಕರೆ ಕಾಯಿಲೆಗೆ ಕೊಡುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಇದೇ ತೊಗಟೆಯ ಪುಡಿಯ ವಂಶದವು. ಹೆಸರಿನ ಬಾಲದಲ್ಲೇ ಆ ನೆಂಟಸ್ತಿಕೆ ಕಾಣುತ್ತದೆ. ಆದರೆ ಈ ಬಗೆಯ ಮೊದಲ ಮಾತ್ರೆ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2013ರಲ್ಲಿ. ತೊಗಟೆಯಿಂದ ಮಾತ್ರೆಗೆ ನೂರ ಎಪ್ಪತ್ತೆಂಟು ವರ್ಷ.

'ಈ ಗಿಡದಲ್ಲಿ ಮಧುಮೇಹಕ್ಕೆ ಮದ್ದು ಪತ್ತೆ' ಎಂಬ ಸುದ್ದಿ ವಾರಕ್ಕೊಂದಾದರೂ ಬರುತ್ತದೆ. ಸುದ್ದಿ ಸುಳ್ಳಿರಬೇಕೆಂದೇನೂ ಇಲ್ಲ. ಯಾರೋ ಒಂದು ಎಲೆಯ ಸಾರ ತೆಗೆದಿರುತ್ತಾರೆ, ಇಲಿಗೆ ಕುಡಿಸಿರುತ್ತಾರೆ, ಇಲಿಯ ಸಕ್ಕರೆ ಇಳಿದಿರುತ್ತದೆ. ಆದರೆ ಇಡೀ ದಾರಿಯಲ್ಲಿ ಅತ್ಯಂತ ಸುಲಭದ ಭಾಗ ಅದೇ. ಆಮೇಲೆ ಏನೇನು ಪರೀಕ್ಷೆ ಇರುತ್ತದೆ, ಹೆಚ್ಚಿನವು ಎಲ್ಲಿ ಮುಗ್ಗರಿಸುತ್ತವೆ ಎಂದು ಬಿಡಿಸಿ ಹೇಳುವುದು ಈ ಲೇಖನದ ಕೆಲಸ.

ಸಕ್ಕರೆಯನ್ನು ಎಲ್ಲೆಲ್ಲಿ ಹಿಡಿಯಬಹುದು

ತಿಂದ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ, ರಕ್ತಕ್ಕೆ ಸೇರುತ್ತದೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಅದನ್ನು ಗಮನಿಸಿ ಇನ್ಸುಲಿನ್ ಬಿಡುತ್ತವೆ. ಇನ್ಸುಲಿನ್ ಬಂದಾಗ ಸ್ನಾಯು ಮತ್ತು ಕೊಬ್ಬಿನ ಕೋಶಗಳು ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತವೆ. ಲಿವರ್ ತಾನೇ ಗ್ಲೂಕೋಸ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಒಂದನೇ ಬಗೆಯ ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಕೊಂದಿರುತ್ತದೆ. ಅಲ್ಲಿ ಇನ್ಸುಲಿನ್ ಬೇಕೇ ಬೇಕು, ಯಾವ ಎಲೆಯೂ ಅದರ ಜಾಗ ತುಂಬುವುದಿಲ್ಲ. ಎರಡನೇ ಬಗೆಯಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹ ಅದರ ಮಾತು ಸರಿಯಾಗಿ ಕೇಳುವುದಿಲ್ಲ. ಬೀಟಾ ಕೋಶಗಳೂ ಬರಬರುತ್ತ ಸೋಲುತ್ತವೆ. ಇನ್ನು ಮುಂದೆ ಹೇಳುವುದೆಲ್ಲ ಈ ಎರಡನೇ ಬಗೆಯ ಬಗ್ಗೆ.

ಹಾಗಾದರೆ ಗಿಡದ ಸಂಯುಕ್ತವೊಂದು ಕೈಹಾಕಬಹುದಾದ ಜಾಗಗಳು ಹಲವು. ಕರುಳಿನಲ್ಲಿ ಪಿಷ್ಟ ಒಡೆಯುವ ಕಿಣ್ವಗಳನ್ನು ತಡೆಯಬಹುದು. ಬೀಟಾ ಕೋಶಕ್ಕೆ ಚುರುಕು ಕೊಡಬಹುದು. ಲಿವರಿನ ಗ್ಲೂಕೋಸ್ ತಯಾರಿಕೆಗೆ ಕಡಿವಾಣ ಹಾಕಬಹುದು. ಕಿಡ್ನಿಯ ಮೂಲಕ ಸಕ್ಕರೆಯನ್ನು ಹೊರಗೆ ಬಿಡಬಹುದು. ಫ್ಲೋರೈಜಿನ್ ಮಾಡುತ್ತಿದ್ದುದು ಇದನ್ನೇ. ಕಿಡ್ನಿಗಳು ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸನ್ನು ಸೋಸಿ, ಬಹುಪಾಲು ಅಷ್ಟನ್ನೂ ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತವೆ. ಆ ಎಳೆಯುವ ಪಂಪುಗಳಲ್ಲಿ ಮುಖ್ಯವಾದದ್ದರ ಹೆಸರು ಎಸ್‌ಜಿಎಲ್‌ಟಿ2. ಫ್ಲೋರೈಜಿನ್ ಆ ಪಂಪಿಗೆ ಅಡ್ಡ ನಿಲ್ಲುತ್ತದೆ, ಸಕ್ಕರೆ ಮೂತ್ರದಲ್ಲಿ ಹೋಗಿಬಿಡುತ್ತದೆ. ಮೇರಿಂಗ್ ಅವರ ನಾಯಿಗಳಿಗೆ ಆದದ್ದು ಕಾಯಿಲೆಯಲ್ಲ, ಸೋರಿಕೆ.

ಎಲೆಯೊಳಗೆ ಯಾರು ಕೆಲಸ ಮಾಡುತ್ತಿದ್ದಾರೆ?

ಒಂದು ಎಲೆಯಲ್ಲಿ ಸಾವಿರಾರು ರಾಸಾಯನಿಕಗಳು ಇರುತ್ತವೆ. ಸಂಶೋಧಕರು ಎಲೆಯನ್ನು ಒಣಗಿಸಿ, ಪುಡಿ ಮಾಡಿ, ಬೇರೆ ಬೇರೆ ದ್ರಾವಕಗಳಲ್ಲಿ ನೆನೆಸುತ್ತಾರೆ. ಎಣ್ಣೆಯ ಗುಣದವು ಹೆಕ್ಸೇನ್‌ನಲ್ಲಿ ಕರಗುತ್ತವೆ, ನೀರಿನ ಗುಣದವು ನೀರು ಅಥವಾ ಮೆಥನಾಲ್‌ನಲ್ಲಿ. ಪ್ರತಿ ಪಾಲನ್ನೂ ಪರೀಕ್ಷಿಸುತ್ತಾರೆ. ಯಾವ ಪಾಲು ಕೆಲಸ ಮಾಡಿತೋ ಅದನ್ನು ಮತ್ತೆ ಪಾಲು ಮಾಡುತ್ತಾರೆ. ಹೀಗೆ ಜರಡಿ ಹಿಡಿಯುತ್ತ ಹೋಗಿ ಕೊನೆಗೆ ಒಂದೇ ಸಂಯುಕ್ತ ಉಳಿಯಬೇಕು, ಅದರ ರಚನೆಯನ್ನು ಯಂತ್ರಗಳು ಓದಿ ಹೇಳಬೇಕು.

ಕೇಳಲು ಸುಲಭ. ಆದರೆ ಬಹಳ ಸಲ ಪಾಲು ಮಾಡುತ್ತ ಹೋದಂತೆ ಪರಿಣಾಮವೇ ಮಾಯವಾಗುತ್ತದೆ. ಎರಡು ಮೂರು ವಸ್ತುಗಳು ಒಟ್ಟಿಗೆ ಸೇರಿ ಕೆಲಸ ಮಾಡುತ್ತಿದ್ದಿರಬಹುದು. ಅಥವಾ ಮೊದಲು ಕಂಡ ಪರಿಣಾಮವೇ ಸುಳ್ಳಾಗಿದ್ದಿರಬಹುದು. ಇನ್ನೊಂದು ತಲೆನೋವು ಗಿಡದ್ದೇ. ಋತು, ಮಣ್ಣು, ಎಲೆಯ ವಯಸ್ಸು, ಒಣಗಿಸಿದ ರೀತಿ ಬದಲಾದರೆ ಸಾರದ ರಸಾಯನವೂ ಬದಲಾಗುತ್ತದೆ. ಹೋದ ವರ್ಷದ ಫಲಿತಾಂಶ ಈ ವರ್ಷದ ಎಲೆಯಲ್ಲಿ ಬರುವುದಿಲ್ಲ. ಅದಕ್ಕೇ ಒಳ್ಳೆಯ ಪ್ರಯೋಗಾಲಯಗಳು ಗಿಡದ ಒಂದು ಒಣ ಮಾದರಿಯನ್ನು ನಂಬರ್ ಹಾಕಿ ಸಸ್ಯಸಂಗ್ರಹಾಲಯದಲ್ಲಿ ಇಡುತ್ತವೆ. ನಾಳೆ ಯಾರಾದರೂ 'ಅದು ಆ ಗಿಡವೇ ಅಲ್ಲ' ಎಂದರೆ ತೋರಿಸಲು ಬೇಕಲ್ಲ! ಇದು ನಡೆಯುವ ಜಗಳವೇ, ತಮಾಷೆಗೆ ಹೇಳುತ್ತಿಲ್ಲ.

ಗಾಜಿನ ತಟ್ಟೆಯ ಮೋಸ

ಮೊದಲ ಪರೀಕ್ಷೆ ನಡೆಯುವುದು ಕಿಣ್ವದ ಮೇಲೆ. ತುಂಬಾ ಪ್ರಚಲಿತವಾದದ್ದು ಆಲ್ಫಾ ಗ್ಲುಕೋಸಿಡೇಸ್ ಪರೀಕ್ಷೆ. ಕರುಳಿನ ಒಳಗೋಡೆಯಲ್ಲಿರುವ ಈ ಕಿಣ್ವ ಸಕ್ಕರೆಯ ಸರಪಳಿಯನ್ನು ಕೊನೆಯ ಸಲ ಕತ್ತರಿಸಿ ಗ್ಲೂಕೋಸ್ ಮಾಡುತ್ತದೆ. ಅದನ್ನು ತಡೆದರೆ ಊಟದ ನಂತರ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಅಕಾರ್ಬೋಸ್ ಎಂಬ ಮಾತ್ರೆ ಕೆಲಸ ಮಾಡುವುದು ಹೀಗೆಯೇ. ಅಂದಹಾಗೆ ಅದು ಗಿಡದ್ದಲ್ಲ, ಮಣ್ಣಿನ ಬ್ಯಾಕ್ಟೀರಿಯಾದ್ದು.

ಪರೀಕ್ಷೆ ಅಗ್ಗ, ಬೇಗ ಮುಗಿಯುತ್ತದೆ. ಕಿಣ್ವ ಕೆಲಸ ಮಾಡಿದರೆ ದ್ರವ ಹಳದಿಯಾಗುತ್ತದೆ. ತಡೆದರೆ ಬಣ್ಣ ಬರುವುದಿಲ್ಲ. ಅರ್ಧದಷ್ಟು ತಡೆಯಲು ಎಷ್ಟು ವಸ್ತು ಬೇಕು ಎಂಬ ಅಂಕಿಗೆ ಐಸಿ50 ಎನ್ನುತ್ತಾರೆ. ಅಂಕಿ ಕಡಿಮೆ ಇದ್ದಷ್ಟೂ ವಸ್ತು ಬಲಶಾಲಿ. ಹೋಲಿಕೆಗೆ ಪಕ್ಕದಲ್ಲಿ ಅಕಾರ್ಬೋಸ್ ಇಡುತ್ತಾರೆ. ಫಲಿತಾಂಶ ನೋಡಿದರೆ ಕಣ್ಣರಳುತ್ತದೆ. 'ನಮ್ಮ ಸಂಯುಕ್ತ ಅಕಾರ್ಬೋಸ್‌ಗಿಂತ ನೂರು ಪಟ್ಟು ಶಕ್ತಿಶಾಲಿ!' ಇಂಥ ಸಾಲು ಇರುವ ಪ್ರಬಂಧಗಳಿಗೆ ಲೆಕ್ಕವಿಲ್ಲ.

ಅಷ್ಟೆಲ್ಲ ಶಕ್ತಿಶಾಲಿ ವಸ್ತುಗಳಿದ್ದರೆ ಇಷ್ಟು ಹೊತ್ತಿಗೆ ಅಂಗಡಿ ತುಂಬ ಮಾತ್ರೆ ಇರಬೇಕಿತ್ತು. ಗುಟ್ಟು ಕಿಣ್ವದಲ್ಲಿದೆ. ಇಂಥ ಪರೀಕ್ಷೆಗಳಲ್ಲಿ ಬಹುತೇಕರು ಬಳಸುವುದು ಯೀಸ್ಟಿನ ಕಿಣ್ವ, ಸುಲಭಕ್ಕೆ ಸಿಗುತ್ತದೆ ಎಂದು. ಯೀಸ್ಟಿನದಕ್ಕೂ ಸಸ್ತನಿಗಳ ಕರುಳಿನದಕ್ಕೂ ಹೆಸರು ಒಂದೇ, ಕುಲ ಬೇರೆ. ರಚನೆಯೂ ಬೇರೆ. ಅಕಾರ್ಬೋಸ್ ನಮ್ಮ ಕರುಳಿನ ಕಿಣ್ವವನ್ನು ಚೆನ್ನಾಗಿ ತಡೆಯುತ್ತದೆ, ಯೀಸ್ಟಿನ ಕಿಣ್ವದ ಮುಂದೆ ತೀರಾ ದುರ್ಬಲ. ಅಂದರೆ ಓಟದಲ್ಲಿ ಎದುರಾಳಿಯ ಕಾಲು ಕಟ್ಟಿ ಗೆದ್ದ ಹಾಗೆ. ಹಾಗಾಗಿ ಇಂಥ ಪ್ರಬಂಧ ಸಿಕ್ಕರೆ ನಾನು ಮೊದಲು ಹುಡುಕುವುದು ಕಿಣ್ವ ಎಲ್ಲಿಂದ ಬಂತು ಎಂಬ ಒಂದೇ ಸಾಲನ್ನು. ಯೀಸ್ಟ್ ಎಂದಿದ್ದರೆ ಉತ್ಸಾಹ ಅರ್ಧ ಇಳಿಯುತ್ತದೆ. ಇಲಿಯ ಕರುಳಿನ ಕಿಣ್ವ ಅಥವಾ ಮನುಷ್ಯರ ಕಿಣ್ವ ಎಂದಿದ್ದರೆ ಮುಂದೆ ಓದುತ್ತೇನೆ.

ಇನ್ನೊಂದು ಮೋಸ ಟ್ಯಾನಿನ್‌ನದು. ಒಗರು ರುಚಿ ಕೊಡುವ ಈ ವಸ್ತುಗಳು ಯಾವ ಪ್ರೋಟೀನ್ ಸಿಕ್ಕರೂ ಅಂಟಿಕೊಳ್ಳುತ್ತವೆ. ಬಾಯಿ ಒಗರಾಗುವುದೂ ಅದರಿಂದಲೇ, ಎಂಜಲಿನ ಪ್ರೋಟೀನುಗಳನ್ನು ಅವು ಹಿಡಿದು ಗಂಟು ಕಟ್ಟುತ್ತವೆ. ತಟ್ಟೆಯಲ್ಲಿ ಕಿಣ್ವವನ್ನೂ ಹಾಗೇ ಗಂಟು ಕಟ್ಟಿದರೆ ಕಿಣ್ವ ನಿಂತಿತು ಎಂದೇ ಲೆಕ್ಕ. ಇನ್ನು ಕೆಲವು ಸಂಯುಕ್ತಗಳು ನೀರಿನಲ್ಲಿ ಸಣ್ಣ ಸಣ್ಣ ಉಂಡೆಗಳಾಗಿ ಕೂಡಿಕೊಂಡು ಕಿಣ್ವವನ್ನು ನುಂಗಿಬಿಡುತ್ತವೆ. ಇದನ್ನು ಹಿಡಿಯಲು ಸರಳ ಉಪಾಯ ಇದೆ: ಪರೀಕ್ಷೆಗೆ ಒಂದು ಚೂರು ಮಾರ್ಜಕ ಸೇರಿಸುವುದು. ಉಂಡೆ ಒಡೆಯುತ್ತದೆ. ಆಗಲೂ ಕಿಣ್ವ ನಿಂತೇ ಇದ್ದರೆ ಸಂಯುಕ್ತದಲ್ಲಿ ಏನೋ ಇದೆ ಎನ್ನಬಹುದು.

ಅರಿಶಿನದ ಕರ್ಕ್ಯುಮಿನ್ ಇಂಥ ಮೋಸಕ್ಕೆ ದೊಡ್ಡ ಉದಾಹರಣೆ. ಯಾವ ಪರೀಕ್ಷೆಗೆ ಹಾಕಿದರೂ ಅದು 'ಕೆಲಸ ಮಾಡುತ್ತದೆ'. ಅದಕ್ಕೆ ಸ್ವಂತ ಬಣ್ಣ ಇದೆ, ಹೊಳಪು ಇದೆ, ಪ್ರೋಟೀನುಗಳ ಜೊತೆ ಸುಮ್ನೆ ಪ್ರತಿಕ್ರಿಯಿಸುವ ಗುಣ ಇದೆ, ಜೊತೆಗೆ ತಟ್ಟೆಯಲ್ಲೇ ನಿಮಿಷಗಳಲ್ಲಿ ಒಡೆದುಹೋಗುವ ಸ್ವಭಾವ. ಔಷಧ ರಸಾಯನ ತಜ್ಞರ ಒಂದು ತಂಡ 2017ರಲ್ಲಿ ಕರ್ಕ್ಯುಮಿನ್‌ನ ಇಡೀ ಜಾತಕ ಬಿಡಿಸಿಟ್ಟಿತು. ಅದರ ಮೇಲೆ 120ಕ್ಕೂ ಹೆಚ್ಚು ಮಾನವ ಪ್ರಯೋಗಗಳು ನಡೆದಿದ್ದರೂ, ಯಾರಿಗೆ ಯಾವುದು ಸಿಕ್ಕಿದೆ ಎಂದು ಕೊಡುವವರಿಗೂ ನುಂಗುವವರಿಗೂ ಗೊತ್ತಾಗದ ಹಾಗೆ, ಮದ್ದೇ ಇಲ್ಲದ ಹುಸಿಮಾತ್ರೆಯ ಜೊತೆ ಹೋಲಿಸಿ ನಡೆಸಿದ ಒಂದು ಪ್ರಯೋಗವೂ ಗೆದ್ದಿಲ್ಲ ಎಂದು ಅವರು ಬರೆದರು. ಕೆಲವರಿಗೆ ಸಿಟ್ಟು ಬಂತು. ರಸಾಯನ ಮಾತ್ರ ಅವರು ಹೇಳಿದ ಹಾಗೇ ಇದೆ.

ಕೋಶಗಳು ಹೇಳುವ ಅರ್ಧ ಸತ್ಯ

ಕಿಣ್ವದ ನಂತರ ಜೀವಂತ ಕೋಶಗಳು. ಸ್ನಾಯು ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಸಂಯುಕ್ತ ಹಾಕಿ, ಅವು ಎಷ್ಟು ಗ್ಲೂಕೋಸ್ ಎಳೆದುಕೊಂಡವು ಎಂದು ಅಳೆಯುತ್ತಾರೆ. ಜಾಸ್ತಿ ಎಳೆದುಕೊಂಡರೆ ಒಳ್ಳೆಯದು ಎಂದು ಲೆಕ್ಕ.

ಆದರೆ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾವನ್ನು ಹಾಳುಮಾಡಿದರೂ ಕೋಶ ಗ್ಲೂಕೋಸನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಪಾಪ, ಬೇರೆ ದಾರಿಯಲ್ಲಿ ಶಕ್ತಿ ಸಿಗದೆ ಸಿಕ್ಕಷ್ಟು ಸಕ್ಕರೆ ಸುಟ್ಟು ಬದುಕಲು ನೋಡುತ್ತದೆ. ಈ ಪರೀಕ್ಷೆಯೊಂದರಿಂದಲೇ ಮದ್ದು ಯಾವುದು, ವಿಷ ಯಾವುದು ಎಂದು ತಿಳಿಯುವುದಿಲ್ಲ. ಅದಕ್ಕೇ ಕೋಶಗಳು ಬದುಕಿವೆಯೇ, ಲ್ಯಾಕ್ಟಿಕ್ ಆಮ್ಲ ಏರಿದೆಯೇ ಎಂದೂ ನೋಡಬೇಕು. ಈ ಗೆರೆ ಎಷ್ಟು ತೆಳುವಾದದ್ದು ಎಂಬುದು ಮುಂದೆ ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆಯ ಕಥೆಯಲ್ಲಿ ಬರುತ್ತದೆ.

ಇನ್ನೊಂದು ವಿಚಿತ್ರ. ಕೋಶ ಬೆಳೆಸುವ ಒಂದು ಸಾಮಾನ್ಯ ದ್ರವದಲ್ಲಿ ಗ್ಲೂಕೋಸ್ ಲೀಟರಿಗೆ 4.5 ಗ್ರಾಂ ಇರುತ್ತದೆ. ರಕ್ತದ ಲೆಕ್ಕದಲ್ಲಿ ಹೇಳಿದರೆ ಡೆಸಿಲೀಟರಿಗೆ 450 ಮಿಲಿಗ್ರಾಂ. 'ಆರೋಗ್ಯವಂತ' ಎಂದು ಹೋಲಿಕೆಗೆ ಇಟ್ಟ ಕೋಶಗಳೂ ಅಂಥ ಸಕ್ಕರೆ ನೀರಿನಲ್ಲಿ ಈಜುತ್ತಿರಬಹುದು.

ಇಲಿಗಳು

ಪ್ರಯೋಗಾಲಯದ ಇಲಿಗೆ ಸಾಮಾನ್ಯವಾಗಿ ಸ್ಟ್ರೆಪ್ಟೊಜೊಟೊಸಿನ್ ಅಥವಾ ಅಲಾಕ್ಸಾನ್ ಎಂಬ ವಿಷ ಚುಚ್ಚಿ ಮಧುಮೇಹ ತರಿಸುತ್ತಾರೆ. ಎರಡೂ ಹೊರನೋಟಕ್ಕೆ ಗ್ಲೂಕೋಸಿನ ಹಾಗೆ ಕಂಡು ಬೀಟಾ ಕೋಶದೊಳಗೆ ನುಗ್ಗಿ ಅದನ್ನು ಕೊಲ್ಲುತ್ತವೆ. ಒಂದೆರಡು ದಿನದಲ್ಲಿ ಇಲಿಯ ಸಕ್ಕರೆ ಗಗನಕ್ಕೆ.

ಇದರ ಮೊದಲ ತೊಡಕು ನಿಮಗಾಗಲೇ ಹೊಳೆದಿರಬಹುದು. ಬೀಟಾ ಕೋಶ ಸತ್ತ ಇಲಿ ಹೆಚ್ಚುಕಡಿಮೆ ಒಂದನೇ ಬಗೆಯ ರೋಗಿಯ ಹಾಗೆ. ಪ್ರಬಂಧದ ತಲೆಬರಹದಲ್ಲಿ ಮಾತ್ರ ಎರಡನೇ ಬಗೆಯ ಮಧುಮೇಹ ಎಂದಿರುತ್ತದೆ. ಅದಕ್ಕೆ ಸರಿಹೊಂದುವ ಮಾದರಿಗಳು ಬೇರೆ ಇವೆ: ವಾರಗಟ್ಟಲೆ ಕೊಬ್ಬಿನ ಆಹಾರ ತಿನ್ನಿಸಿ ದಪ್ಪಗಾದ ಮೇಲೆ ಸ್ವಲ್ಪವೇ ವಿಷ ಕೊಟ್ಟ ಇಲಿ, ಹುಟ್ಟಿನಿಂದಲೇ ಹಸಿವು ತಡೆಯುವ ಲೆಪ್ಟಿನ್ ಸಂದೇಶ ಕೆಟ್ಟಿರುವ ತಳಿಗಳು, ಹೀಗೆ. ಅವು ದುಬಾರಿ, ತಾಳ್ಮೆ ಬೇಡುತ್ತವೆ.

ಎರಡನೇ ತೊಡಕು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಗಿಡದ ಸಾರವನ್ನು ಯಾವಾಗ ಕೊಟ್ಟರು? ಅಲಾಕ್ಸಾನ್ ಬೀಟಾ ಕೋಶವನ್ನು ಕೊಲ್ಲುವುದು ಆಮ್ಲಜನಕದ ಉರಿಗಣಗಳ (ಫ್ರೀ ರಾಡಿಕಲ್) ಮೂಲಕ. ಗಿಡದ ಸಾರಗಳಲ್ಲಿ ಈ ಉರಿಗಣಗಳನ್ನು ಆರಿಸುವ ವಸ್ತುಗಳು ತುಂಬಿರುತ್ತವೆ. ವಿಷ ಚುಚ್ಚುವ ಮೊದಲೇ ಸಾರ ಕುಡಿಸಿದ್ದರೆ ಅದು ವಿಷಕ್ಕೆ ಅಡ್ಡ ಬಂದಿರುತ್ತದೆ ಅಷ್ಟೆ. ಇಲಿಗೆ ಮಧುಮೇಹ ಬರಲೇ ಇಲ್ಲ. ಇದನ್ನು ಮಧುಮೇಹ ವಾಸಿಯಾಯಿತು ಎಂದು ಓದುವವರಿದ್ದಾರೆ. ವರ್ಷಗಳಿಂದ ಕಾಯಿಲೆ ಇರುವ ಮನುಷ್ಯರಿಗೆ ಇದರಿಂದ ಏನು ಉಪಯೋಗ?

ಮೂರನೆಯದು ಹೊಟ್ಟೆಯ ವಿಷಯ. ಕಹಿ ಸಾರವನ್ನು ಕೊಳವೆಯಲ್ಲಿ ಇಲಿಯ ಹೊಟ್ಟೆಗೆ ದಿನಾ ಹಾಕಿದರೆ ಇಲಿ ಊಟ ಬಿಡಬಹುದು. ತಿನ್ನದಿದ್ದರೆ ಸಕ್ಕರೆ ಇಳಿಯುತ್ತದೆ. ಅದಕ್ಕೆ ಗಿಡ ಬೇಕಿಲ್ಲ, ಉಪವಾಸ ಸಾಕು. ಪ್ರಾಮಾಣಿಕ ಪ್ರಯೋಗದಲ್ಲಿ ಇನ್ನೊಂದು ಗುಂಪಿಗೆ ಅಷ್ಟೇ ಕಡಿಮೆ ಆಹಾರ ಕೊಟ್ಟು ಹೋಲಿಸುತ್ತಾರೆ.

ಆಮೇಲೆ ಪ್ರಮಾಣ. ಪ್ರಬಂಧಗಳಲ್ಲಿ ಇಲಿಗೆ ಕೆಜಿಗೆ 400 ಮಿಲಿಗ್ರಾಂ ಸಾರ ಎಂಬಂಥ ಅಂಕಿ ಸಾಮಾನ್ಯ. ಮನುಷ್ಯರ ಲೆಕ್ಕಕ್ಕೆ ತರಲು ದೇಹದ ಮೇಲ್ಮೈ ಆಧಾರದ ಒಂದು ಸೂತ್ರ ಇದೆ: ಇಲಿಯ ಅಂಕಿಯನ್ನು 6.2ರಿಂದ ಭಾಗಿಸಬೇಕು. ಕೆಜಿಗೆ ಸುಮಾರು 65 ಮಿಲಿಗ್ರಾಂ ಆಯಿತು. 60 ಕೆಜಿಯ ಮನುಷ್ಯನಿಗೆ ದಿನಕ್ಕೆ ಹೆಚ್ಚುಕಡಿಮೆ 3.9 ಗ್ರಾಂ ಸಾರ. ನೂರು ಗ್ರಾಂ ಒಣ ಎಲೆಯಿಂದ ಹತ್ತು ಗ್ರಾಂ ಸಾರ ಬರುತ್ತದೆ ಎಂದುಕೊಂಡರೂ ದಿನಕ್ಕೆ 39 ಗ್ರಾಂ ಒಣ ಎಲೆ ಬೇಕು. ವರ್ಷಗಟ್ಟಲೆ. ಒಂದು ಚಮಚ ಪುಡಿ ಸಾಕು ಎನ್ನುವವರು ಈ ಭಾಗಾಕಾರ ಮಾಡಿರುವುದಿಲ್ಲ.

ರಕ್ತಕ್ಕೆ ಸೇರುತ್ತದೆಯೇ?

ಇಷ್ಟು ದಾಟಿದ ಸಂಯುಕ್ತಗಳೂ ಇಲ್ಲಿ ಸಾಲುಸಾಲಾಗಿ ಬೀಳುತ್ತವೆ. ಮರದರಿಶಿನದಂಥ ಗಿಡಗಳ ಹಳದಿ ತೊಗಟೆಯಲ್ಲಿ ಬರ್ಬೆರಿನ್ ಇದೆ. ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲೂ ಅದರದೇ ರೂಪದಲ್ಲಿ ರಕ್ತಕ್ಕೆ ಸೇರುವುದಿಲ್ಲ. ಕರುಳಿನ ಕೋಶಗಳೇ ಅದನ್ನು ಹಿಂದಕ್ಕೆ ತಳ್ಳುತ್ತವೆ, ಉಳಿದದ್ದನ್ನು ಲಿವರ್ ಮುರಿಯುತ್ತದೆ. ತಟ್ಟೆಯ ಪ್ರಯೋಗಗಳಲ್ಲಿ ಕೋಶಗಳಿಗೆ ಹಾಕುವ ಪ್ರಮಾಣ, ನುಂಗಿದವರ ರಕ್ತದಲ್ಲಿ ಕಾಣುವ ಪ್ರಮಾಣಕ್ಕಿಂತ ಸಾವಿರ ಪಟ್ಟು ಜಾಸ್ತಿ ಇರುವುದುಂಟು.

ಆದರೂ ಬರ್ಬೆರಿನ್ ಮನುಷ್ಯರಲ್ಲಿ ಸಕ್ಕರೆ ಇಳಿಸಿದ್ದನ್ನು ಚೀನಾದ ಪ್ರಯೋಗಗಳು ತೋರಿಸಿವೆ. 2008ರ ಒಂದರಲ್ಲಿ ಹೊಸ ರೋಗಿಗಳಿಗೆ ದಿನಕ್ಕೆ ಮೂರು ಸಲ 500 ಮಿಲಿಗ್ರಾಂ ಕೊಟ್ಟಾಗ ಪರಿಣಾಮ ಮೆಟ್‌ಫಾರ್ಮಿನ್‌ಗೆ ಹತ್ತಿರ ಬಂತು. ಆದರೆ ಅದರಲ್ಲಿ ಇದ್ದವರು 36 ಮಂದಿ ಮಾತ್ರ. ರಕ್ತಕ್ಕೇ ಸರಿಯಾಗಿ ಸೇರದ್ದು ಹೇಗೆ ಕೆಲಸ ಮಾಡುತ್ತದೆ? ಕರುಳಿನಲ್ಲೇ, ಅಲ್ಲಿನ ಬ್ಯಾಕ್ಟೀರಿಯಾಗಳ ಮೂಲಕ ಎಂಬುದು ಒಂದು ವಾದ. ನನಗಂತೂ ಈ ಕ್ಷೇತ್ರದಲ್ಲಿ ತುಂಬಾ ಕುತೂಹಲದ ಪ್ರಶ್ನೆ ಇದೇ.

ಸೇಬಿನ ತೊಗಟೆ ಅಷ್ಟು ವರ್ಷ ಕಾದದ್ದೂ ಮುಖ್ಯವಾಗಿ ಈ ಗೋಡೆಯ ಮುಂದೆಯೇ. ಫ್ಲೋರೈಜಿನ್‌ನಲ್ಲಿ ಒಂದು ಗ್ಲೂಕೋಸ್ ತುಂಡು ಆಮ್ಲಜನಕದ ಕೊಂಡಿಯಿಂದ ತಗಲಿಕೊಂಡಿದೆ. ನುಂಗಿದರೆ ಕರುಳಿನ ಕಿಣ್ವಗಳು ಆ ಕೊಂಡಿಯನ್ನು ಕತ್ತರಿಸುತ್ತವೆ. ಇನ್ನೊಂದು ದೋಷವೂ ಇತ್ತು. ಕಿಡ್ನಿಯ ಪಂಪಿನ ಜೊತೆಗೆ ಕರುಳಿನಲ್ಲಿರುವ ಅದರ ತಮ್ಮ ಎಸ್‌ಜಿಎಲ್‌ಟಿ1 ಅನ್ನೂ ಅದು ತಡೆಯುತ್ತದೆ. ಆಗ ಗ್ಲೂಕೋಸ್ ಕರುಳಿನಲ್ಲೇ ಉಳಿದು ಭೇದಿ. 1987ರಲ್ಲಿ ಮಧುಮೇಹದ ಇಲಿಗಳಿಗೆ ಇದನ್ನು ಚುಚ್ಚಿ ಕೊಟ್ಟಾಗ ಸಕ್ಕರೆ ಇಳಿಯಿತು, ಇನ್ಸುಲಿನ್ ಮಾತನ್ನು ದೇಹ ಮತ್ತೆ ಕೇಳತೊಡಗಿತು. ಆಮೇಲೆ ರಸಾಯನ ತಜ್ಞರು ಆಮ್ಲಜನಕದ ಕೊಂಡಿ ತೆಗೆದು, ಕಿಣ್ವ ಕತ್ತರಿಸಲಾಗದ ಇಂಗಾಲದ ಕೊಂಡಿ ಹಾಕಿದರು. ಎಸ್‌ಜಿಎಲ್‌ಟಿ2 ಮೇಲೆ ಮಾತ್ರ ಹೆಚ್ಚು ಹಿಡಿತ ಇರುವ ಹಾಗೆ ಆಕಾರ ತಿದ್ದಿದರು. ಆಮೇಲೆ ಬಂದವೇ ಇಂದಿನ ಮಾತ್ರೆಗಳು.

2015ರಲ್ಲಿ ಎಂಪಾಗ್ಲಿಫ್ಲೋಜಿನ್‌ನ ದೊಡ್ಡ ಪ್ರಯೋಗ ಹೊರಬಂತು. ಏಳು ಸಾವಿರಕ್ಕೂ ಹೆಚ್ಚು ರೋಗಿಗಳು, ಎಲ್ಲರಿಗೂ ಮೊದಲೇ ಹೃದಯ ಅಥವಾ ರಕ್ತನಾಳದ ತೊಂದರೆ ಇತ್ತು. ಹುಸಿಮಾತ್ರೆ ನುಂಗಿದವರಿಗೆ ಹೋಲಿಸಿದರೆ ಮಾತ್ರೆ ನುಂಗಿದವರಲ್ಲಿ ಹೃದಯ ಸಂಬಂಧಿ ಸಾವು 38 ಶೇಕಡಾ ಕಡಿಮೆ. ಸೇಬಿನ ಮರದ ಬುಡ ಕೆರೆದವರು ಇದನ್ನು ಕನಸಿನಲ್ಲೂ ನೆನೆದಿರಲಿಕ್ಕಿಲ್ಲ.

ಕುರಿ ಕೊಂದ ಗಿಡ

ಗಿಡದಿಂದ ಬಂದದ್ದು ಅಪಾಯವಿಲ್ಲ ಎನ್ನುವವರಿಗೆ ಗಲೇಗಾ ಅಫಿಸಿನಾಲಿಸ್ ಗಿಡದ ಕಥೆ ಹೇಳಬೇಕು. ಯುರೋಪಿನ ಹಳೆಯ ಮನೆಮದ್ದುಗಳಲ್ಲಿ ಇದ್ದ ಈ ಗಿಡ ಜಾಸ್ತಿ ಮೇದ ಕುರಿಗಳನ್ನು ಕೊಲ್ಲುತ್ತದೆ. ಅದರಲ್ಲಿರುವ ಗಲೆಜಿನ್ ಎಂಬ ವಸ್ತು ಸಕ್ಕರೆಯನ್ನು ಇಳಿಸುತ್ತದೆ, ವಿಷವೂ ಹೌದು. 1920ರ ದಶಕದಲ್ಲಿ ರೋಗಿಗಳಿಗೂ ಕೊಟ್ಟು ನೋಡಿ ಕೈಬಿಟ್ಟರು. ಅದರ ನೆಂಟನಾದ ಮೆಟ್‌ಫಾರ್ಮಿನ್ 1922ರಲ್ಲೇ ಡಬ್ಲಿನ್‌ನಲ್ಲಿ ತಯಾರಾಗಿತ್ತು. ಆದರೆ ಇನ್ಸುಲಿನ್ ಆಗಷ್ಟೇ ಬಂದಿತ್ತು, ಇದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಮುಂದೆ ಫಿಲಿಪೀನ್ಸಿನ ವೈದ್ಯರೊಬ್ಬರು ಅದನ್ನು ಫ್ಲೂ ಜ್ವರಕ್ಕೆ ಬಳಸಿ, ರೋಗಿಗಳ ಸಕ್ಕರೆ ಇಳಿದದ್ದನ್ನು ವರದಿ ಮಾಡಿದರು. ಫ್ರಾನ್ಸಿನ ಜಾನ್ ಸ್ಟರ್ನ್ ಆ ಎಳೆ ಹಿಡಿದು ಹೋಗಿ 1957ರಲ್ಲಿ ಮಧುಮೇಹಿಗಳ ಮೇಲಿನ ಫಲಿತಾಂಶ ಪ್ರಕಟಿಸಿದರು.

ಇದರ ಅಣ್ಣತಮ್ಮನಂತಿದ್ದ ಫೆನ್‌ಫಾರ್ಮಿನ್ ಇನ್ನೂ ಬಲವಾಗಿತ್ತು. ಆದರೆ ಅದನ್ನು ನುಂಗಿದ ಕೆಲವರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ಪ್ರಾಣಕ್ಕೇ ಬಂತು. 1970ರ ದಶಕದಲ್ಲಿ ಅನೇಕ ದೇಶಗಳು ಅದನ್ನು ಹಿಂತೆಗೆದುಕೊಂಡವು. ಕೋಶದ ಮೈಟೊಕಾಂಡ್ರಿಯಾ ಬಗ್ಗೆ ಮೇಲೆ ಹೇಳಿದ್ದು ನೆನಪಿದೆಯಲ್ಲ? ಫೆನ್‌ಫಾರ್ಮಿನ್ ಅದನ್ನು ಜೋರಾಗಿ ಅದುಮುತ್ತದೆ, ಮೆಟ್‌ಫಾರ್ಮಿನ್ ಮೆತ್ತಗೆ. ಅಮೆರಿಕ ಮೆಟ್‌ಫಾರ್ಮಿನ್‌ಗೆ ಒಪ್ಪಿಗೆ ಕೊಟ್ಟದ್ದು 1994ರ ಕೊನೆಗೆ. ಈಗ ಕೋಟ್ಯಂತರ ಜನ ಅದನ್ನು ನುಂಗುತ್ತಾರೆ. ಅದು ಒಳಗೆ ನಿಖರವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಕೊನೆಗೆ ಮನುಷ್ಯರು

ಮನುಷ್ಯರ ಮೇಲಿನ ಪ್ರಯೋಗದಲ್ಲಿ ನೋಡುವ ಮುಖ್ಯ ಅಂಕಿ ಎಚ್‌ಬಿಎ1ಸಿ. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕುತ್ತವೆ. ಅಷ್ಟು ದಿನವೂ ಅವುಗಳ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟುತ್ತಲೇ ಇರುತ್ತದೆ. ಹಾಗಾಗಿ ಇದು ಎರಡು ಮೂರು ತಿಂಗಳ ಸರಾಸರಿ ಕಥೆ ಹೇಳುತ್ತದೆ. ಬೆಳಗಿನ ಒಂದು ಚುಚ್ಚಿನ ಅಂಕಿಯನ್ನು ನಿನ್ನೆಯ ಊಟ, ನಿದ್ದೆ, ನಡಿಗೆ ಏನು ಬೇಕಾದರೂ ಅಲುಗಾಡಿಸಬಹುದು. ಪ್ರಯೋಗ ಹದಿನೈದು ದಿನದ್ದಾದರೆ ಎಚ್‌ಬಿಎ1ಸಿ ಬದಲಾಗಲು ಸಮಯವೇ ಇರುವುದಿಲ್ಲ.

ಹುಸಿಮಾತ್ರೆಯ ಗುಂಪು ಯಾಕೆ ಬೇಕು ಎಂದು ಬಹಳ ಮಂದಿ ಕೇಳುತ್ತಾರೆ. 'ಮೊದಲು ಇಷ್ಟಿತ್ತು, ಕುಡಿದ ಮೇಲೆ ಇಷ್ಟಾಯಿತು' ಸಾಲದೇ? ಸಾಲದು. ಪ್ರಯೋಗಕ್ಕೆ ಸೇರಿದವರು ಊಟದ ಮೇಲೆ ಕಣ್ಣಿಡುತ್ತಾರೆ, ಹಳೆಯ ಮಾತ್ರೆಗಳನ್ನು ತಪ್ಪದೆ ನುಂಗುತ್ತಾರೆ. ಅದರ ಜೊತೆಗೆ, ಸಕ್ಕರೆ ತುಂಬಾ ಏರಿದ ಹೊತ್ತಿನಲ್ಲೇ ಜನ ಹೊಸ ಮದ್ದು ಹುಡುಕುತ್ತಾರೆ. ಅಲ್ಲಿಂದ ಅದು ಸಹಜವಾಗಿಯೂ ಸ್ವಲ್ಪ ಇಳಿಯುತ್ತದೆ. ಹುಸಿಮಾತ್ರೆ ನುಂಗಿದವರಿಗೂ ಎಚ್‌ಬಿಎ1ಸಿ ಇಳಿಯುವುದು ಇದರಿಂದಲೇ. ಎರಡು ಗುಂಪಿನ ನಡುವಿನ ವ್ಯತ್ಯಾಸ ಮಾತ್ರ ಮದ್ದಿನದು.

ಗಿಡದ ಮದ್ದಿಗೆ ಹುಸಿಜೋಡಿ ಮಾಡುವುದೂ ಕಷ್ಟ. ಮೆಂತ್ಯದ ವಾಸನೆಯನ್ನು ಹೇಗೆ ಬಚ್ಚಿಡುತ್ತೀರಿ? ಮಧುನಾಶಿನಿ ಎಂಬ ಬಳ್ಳಿಯದು ಇನ್ನೂ ಮಜಾ. ಅದರ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗ್ರಾಹಕಗಳನ್ನೇ ಮುಚ್ಚುತ್ತವೆ. ಎಲೆ ಜಗಿದ ಮೇಲೆ ಸಕ್ಕರೆ ಮರಳಿನ ಹಾಗೆ. ಎಲೆಯನ್ನು ಜಗಿದವರಿಗೆ ತಮಗೆ ಯಾವುದು ಸಿಕ್ಕಿದೆ ಎಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಸಿಹಿ ರುಚಿಸದೆ ಅವರು ಕಡಿಮೆ ತಿಂದರೆ, ಸಕ್ಕರೆ ಇಳಿಸಿದ್ದು ರಕ್ತಕ್ಕೆ ಸೇರಿದ ಮದ್ದೋ, ಮರಗಟ್ಟಿದ ನಾಲಿಗೆಯೋ?

ಹೆಸರುವಾಸಿ ಎರಡು ವಸ್ತುಗಳ ಗತಿ ನೋಡಿ. ದಾಲ್ಚಿನ್ನಿ ಮತ್ತು ಹಾಗಲಕಾಯಿಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಜಾಲ ಮಾಡಿದ ಎರಡು ವಿಮರ್ಶೆಗಳು 2012ರಲ್ಲಿ ಬಂದವು. ದಾಲ್ಚಿನ್ನಿಯದು ಹತ್ತು ಪ್ರಯೋಗ, 577 ಜನ. ಹಾಗಲದ್ದು ನಾಲ್ಕು ಪ್ರಯೋಗ, 479 ಜನ, ಅತಿ ಉದ್ದದ್ದೆಂದರೆ ಮೂರು ತಿಂಗಳು. ಎರಡರಲ್ಲೂ ತೀರ್ಮಾನ ಒಂದೇ: ಶಿಫಾರಸು ಮಾಡಲು ಆಧಾರ ಸಾಲದು. ಕೆಲಸ ಮಾಡುವುದೇ ಇಲ್ಲ ಎಂದು ಸಾಬೀತಾಯಿತು ಎಂದು ಇದರ ಅರ್ಥವಲ್ಲ. ಇಷ್ಟು ಹೆಸರಿರುವ ವಸ್ತುಗಳ ಮೇಲೂ ದೊಡ್ಡ, ಉದ್ದನೆಯ ಪ್ರಯೋಗ ನಡೆದಿರಲಿಲ್ಲ. ಬಳಕೆಯಲ್ಲಿರುವ ವಸ್ತುವಿಗೆ ಪೇಟೆಂಟ್ ಸಿಗುವುದು ಕಷ್ಟ, ಹಾಗಾಗಿ ಹಣ ಹಾಕುವವರು ಕಡಿಮೆ. ಇದು ವಿಜ್ಞಾನದ ತೊಂದರೆ ಅಲ್ಲ, ಲೆಕ್ಕಪುಸ್ತಕದ್ದು.

ಪರೀಕ್ಷೆಯೇ ಆಗದೆ ಮಾರುಕಟ್ಟೆಗೆ ಬರುವ 'ಸಹಜ' ಡಬ್ಬಿಗಳದು ಬೇರೆಯೇ ಕಥೆ. ಅಮೆರಿಕದ ಔಷಧ ನಿಯಂತ್ರಕರು ಇಂಥ ಡಬ್ಬಿಗಳನ್ನು ಪರೀಕ್ಷಿಸಿದಾಗ ಕೆಲವದರೊಳಗೆ ಗುಟ್ಟಾಗಿ ಬೆರೆಸಿದ ಸಕ್ಕರೆ ಇಳಿಸುವ ಮದ್ದುಗಳಾದ ಮೆಟ್‌ಫಾರ್ಮಿನ್, ಗ್ಲಿಬೆನ್‌ಕ್ಲಮೈಡ್, ಹಿಂತೆಗೆದುಕೊಂಡಿದ್ದ ಫೆನ್‌ಫಾರ್ಮಿನ್ ಕೂಡ ಸಿಕ್ಕಿವೆ. ಸಕ್ಕರೆ ಇಳಿಯದೆ ಏನಾಗುತ್ತದೆ! ಆಗಲೇ ಮಾತ್ರೆ ನುಂಗುತ್ತಿರುವವರು ಇದನ್ನೂ ಸೇರಿಸಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ನಿಜವಾದ ಗಿಡದ ವಸ್ತುವೂ ಬೇರೆ ಮಾತ್ರೆಗಳ ಜೊತೆ ತಿಕ್ಕಾಡಬಹುದು. ಬರ್ಬೆರಿನ್ ಲಿವರಿನಲ್ಲಿ ಔಷಧಗಳನ್ನು ಮುರಿಯುವ ಕಿಣ್ವಗಳನ್ನು ತಡೆಯುತ್ತದೆ. ಆಗ ಇನ್ನೊಂದು ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರುತ್ತದೆ. ಏನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ಹೇಳಬೇಕಾದದ್ದು ಇದಕ್ಕೇ.

ಎಲ್ಲ ಜರಡಿಗಳನ್ನೂ ದಾಟಿ ಬಂದ ಗಿಡದ ಸಾರ ಇಲ್ಲವೇ ಇಲ್ಲವೇ? ಇದೆ. ಹಿಪ್ಪುನೇರಳೆಯಲ್ಲಿ ಡಿಆಕ್ಸಿನೊಜಿರಿಮೈಸಿನ್ ಎಂಬ ವಸ್ತು ಇದೆ. ನೋಡಲು ಗ್ಲೂಕೋಸಿನ ಪಡಿಯಚ್ಚು, ಉಂಗುರದಲ್ಲಿ ಆಮ್ಲಜನಕ ಇರಬೇಕಾದ ಕಡೆ ಸಾರಜನಕ. ಕರುಳಿನ ಕಿಣ್ವ ಇದನ್ನು ಸಕ್ಕರೆ ಎಂದುಕೊಂಡು ಬಾಯಿ ಹಾಕುತ್ತದೆ, ಆದರೆ ಕತ್ತರಿಸಲು ಏನೂ ಇರುವುದಿಲ್ಲ. ಕಿಣ್ವ ಅಲ್ಲೇ ಸಿಕ್ಕಿಬೀಳುತ್ತದೆ. ಇದು ಯೀಸ್ಟಿನ ಮೇಲಿನ ಗೆಲುವಲ್ಲ, ಕರುಳಿನ ಕಿಣ್ವದ ಮೇಲಿನದೇ. ಕೆಲಸ ಕರುಳಿನಲ್ಲೇ ಆಗುವುದರಿಂದ ರಕ್ತಕ್ಕೆ ಸೇರುವ ಗೋಡೆಯನ್ನೂ ಹಾರಬೇಕಿಲ್ಲ. ಇದರ ಆಕಾರ ತಿದ್ದಿ ಮಾಡಿದ ಮಿಗ್ಲಿಟಾಲ್ ಮಾತ್ರೆ ಮೊದಲೇ ಬಳಕೆಯಲ್ಲಿತ್ತು. ಚೀನಾದವರು ಇನ್ನೊಂದು ದಾರಿ ಹಿಡಿದರು. ಹಿಪ್ಪುನೇರಳೆ ಕೊಂಬೆಗಳಿಂದ ಇದನ್ನೂ ಇದರ ಜೊತೆಯವನ್ನೂ ಒಟ್ಟಿಗೆ ಶುದ್ಧಮಾಡಿ, ಪ್ರತಿ ಮಾತ್ರೆಯಲ್ಲೂ ಅಷ್ಟಷ್ಟೇ ಇರುವ ಹಾಗೆ ನೋಡಿಕೊಂಡು, 24 ವಾರಗಳ ಪ್ರಯೋಗದಲ್ಲಿ ಅಕಾರ್ಬೋಸ್ ಎದುರಿಗೆ ನಿಲ್ಲಿಸಿದರು. ಎರಡೂ ಗುಂಪಿನಲ್ಲಿ ಎಚ್‌ಬಿಎ1ಸಿ ಸುಮಾರು 0.9 ಶೇಕಡಾ ಅಂಶ ಇಳಿಯಿತು. ಹೊಟ್ಟೆಯುಬ್ಬರದಂಥ ತೊಂದರೆಗಳು ಹಿಪ್ಪುನೇರಳೆ ಗುಂಪಿನಲ್ಲಿ ಕಡಿಮೆ. 2020ರಲ್ಲಿ ಚೀನಾ ಅದಕ್ಕೆ ಒಪ್ಪಿಗೆ ಕೊಟ್ಟಿತು. 'ಅಕಾರ್ಬೋಸ್‌ಗಿಂತ ನೂರು ಪಟ್ಟು' ಎಂಬ ಮಾತು ಅದರ ಫಲಿತಾಂಶದಲ್ಲಿ ಎಲ್ಲೂ ಇಲ್ಲ. ಅಕಾರ್ಬೋಸ್‌ನಷ್ಟೇ, ಹೊಟ್ಟೆಗೆ ಸ್ವಲ್ಪ ಹಗುರ.